ಕ್ಲಿಯರ್ ಲೇಕ್‌ನ ತಂತಿ, ಜಕ್ಕೂರಿನ ಕವಲು

ಟೆಕ್ಸಸ್‌ಗೆ ಓದಲು ಹೋದ ಮಗಳು ‘ನ್ಯಾನೊ ಎಲೆಕ್ಟ್ರಾನಿಕ್ಸ್‌ನಲ್ಲಿ ಪಿಎಚ್‌.ಡಿ. ಮಾಡ್ತಿದೀನಿ’ ಎಂದರೆ ಊರಲ್ಲಿರುವ ಅಪ್ಪ-ಅಮ್ಮ ಹೂಂಗುಟ್ಟಿ ಸುಮ್ಮನಾಗುತ್ತಾರೆ. ‘ಇನ್ನೂ ಐದಾರು ವರ್ಷ ಬೇಕು’ ಎಂದಾಗ ಮಾತ್ರ ‘ಅಷ್ಟು ವರ್ಷ ಯಾಕಮ್ಮ?’ ಎಂಬ ಪ್ರಶ್ನೆ ಬರುತ್ತದೆ. ಹ್ಯೂಸ್ಟನ್ ಕಡೆಯ ಕನ್ನಡಿಗರಾದ ನಮಗೆ ಇದಕ್ಕೆ ಉತ್ತರ ಹತ್ತಿರದಲ್ಲೇ ಇದೆ.

ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರ ಇರುವುದು ಹ್ಯೂಸ್ಟನ್‌ನ ಆಗ್ನೇಯಕ್ಕೆ, ಕ್ಲಿಯರ್ ಲೇಕ್ ಪ್ರದೇಶದಲ್ಲಿ. ಬಾಹ್ಯಾಕಾಶ ನೌಕೆಯಲ್ಲಿ ತಾಮ್ರದ ತಂತಿಯ ತೂಕವೂ ಒಂದು ಹೊರೆಯೇ. ಹಾಗಾಗಿ 2005ರಲ್ಲಿ ನಾಸಾ 1.1 ಕೋಟಿ ಡಾಲರ್‌ಗಳ ನಾಲ್ಕು ವರ್ಷದ ಯೋಜನೆಯೊಂದನ್ನು ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು. ಇಂಗಾಲದ ನ್ಯಾನೊ ಕೊಳವೆಗಳಿಂದ ‘ಕ್ವಾಂಟಮ್ ತಂತಿ’ ತಯಾರಿಸುವುದು ಅದರ ಗುರಿ. ಇದರ ಹಿಂದಿದ್ದವರು 1996ರ ನೊಬೆಲ್ ವಿಜೇತ ರಿಚರ್ಡ್ ಸ್ಮಾಲಿ.

ನ್ಯಾನೊ ಕೊಳವೆಯೆಂದರೆ ಕೂದಲೆಳೆಗಿಂತ ಹತ್ತಾರು ಸಾವಿರ ಪಟ್ಟು ತೆಳು. ಅಷ್ಟು ಸಣ್ಣ ಜಾಗದಲ್ಲಿ ಎಲೆಕ್ಟ್ರಾನ್ ಗೋಲಿಯಂತೆ ಉರುಳುವುದಿಲ್ಲ, ಅಲೆಯಂತೆ ಹರಡುತ್ತದೆ. ಕ್ಲಿಯರ್ ಲೇಕ್‌ನಲ್ಲಿ ಎರಡು ದೋಣಿಗಳು ಎಬ್ಬಿಸಿದ ಅಲೆಗಳು ಎದುರಾದಾಗ ಏರಿಗೆ ಏರು ಸೇರಿದ ಕಡೆ ನೀರು ಇನ್ನಷ್ಟು ಏಳುತ್ತದೆ, ಏರಿಗೆ ಇಳಿವು ಸೇರಿದ ಕಡೆ ತಟಸ್ಥವಾಗುತ್ತದೆ. ಎಲೆಕ್ಟ್ರಾನ್ ಅಲೆಗಳ ಕಥೆಯೂ ಇದೇ. ಇದನ್ನು ಕ್ವಾಂಟಮ್ ವ್ಯತಿಕರಣ ಎನ್ನುತ್ತಾರೆ.

ಇದರಿಂದ ನಮ್ಮ ಮನೆಯ ವೈರಿಂಗ್ ಲೆಕ್ಕವೇ ತಲೆಕೆಳಗಾಗುತ್ತದೆ. ಮನೆಯಲ್ಲಿ ಒಂದರ ಜೊತೆ ಇನ್ನೊಂದು ತಂತಿ ಹಾಕಿದರೆ ಹೆಚ್ಚು ವಿದ್ಯುತ್ ಹರಿಯುತ್ತದೆ. ಅಣುವಿನಲ್ಲಿ ಎರಡನೇ ದಾರಿ ಮೊದಲನೆಯದನ್ನೇ ಅಳಿಸಿಬಿಡಬಹುದು. ಆರು ಇಂಗಾಲದ ಉಂಗುರವಾದ ಬೆಂಜೀನನ್ನು ನೋಡಿ. ಎದುರುಬದುರು ಮೂಲೆಗಳಿಗೆ ತಂತಿ ಜೋಡಿಸಿದರೆ ಎರಡೂ ದಾರಿ ಮೂರು ಮೂರು ಹೆಜ್ಜೆ. ಅಲೆಗಳು ಕೂಡಿಕೊಂಡು ವಿದ್ಯುತ್ ಹರಿಯುತ್ತದೆ. ಒಂದು ಮೂಲೆ ಬಿಟ್ಟು ಜೋಡಿಸಿದರೆ ಒಂದು ದಾರಿ ಎರಡು ಹೆಜ್ಜೆ, ಇನ್ನೊಂದು ನಾಲ್ಕು. ಅಲೆಗಳು ಒಂದನ್ನೊಂದು ಅಳಿಸಿ, ಹರಿವು ತೀರಾ ಕುಗ್ಗುತ್ತದೆ. ನ್ಯಾನೊ ಕೊಳವೆಯಲ್ಲೂ ಎರಡು ತುದಿಗಳ ನಡುವೆ ಎಲೆಕ್ಟ್ರಾನ್ ಅಲೆ ಪುಟಿದು ಹೀಗೇ ಕೂಡಿ ಕಳೆಯುವುದನ್ನು 2001ರಲ್ಲಿ ಹಾರ್ವರ್ಡ್ ತಂಡ ಅಳೆದು ತೋರಿಸಿತು.

ಈ ಕಥೆಯಲ್ಲಿ ಬೆಂಗಳೂರಿನದೂ ಒಂದು ಪುಟವಿದೆ. ಬಸವನಗುಡಿಯಲ್ಲಿ ಹುಟ್ಟಿದ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2000ದಲ್ಲೇ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ನ್ಯಾನೊ ಕೊಳವೆಗಳನ್ನು ತಯಾರಿಸಿದ್ದರು. ಅವರ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ನ್ಯಾನೊ ವಿಜ್ಞಾನಕ್ಕೆ ಹೆಸರಾದ ಜಾಗ. ಆ ಕವಲಿನಲ್ಲಿ ವಿದ್ಯುತ್ ಒಂದು ದಿಕ್ಕಿಗೆ ಹರಿದಷ್ಟು ಸಲೀಸಾಗಿ ಎದುರು ದಿಕ್ಕಿಗೆ ಹರಿಯಲಿಲ್ಲ. ಅಂದರೆ ಕೊಳವೆಯ ಕವಲೇ ಒಂದು ಪುಟ್ಟ ಡಯೋಡ್ ಆಗಬಲ್ಲದು.

ಹಾಗಾದರೆ ತಾಮ್ರದ ತಂತಿ ಮೂಲೆ ಸೇರಿತೇ? ಇಲ್ಲ. ಒಟ್ಟಿಗೆ ಬೆಳೆದ ಕೊಳವೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಲೋಹದಂತೆ ವರ್ತಿಸುತ್ತದೆ. ಉಳಿದವು ಅರೆವಾಹಕ, ಬೇರ್ಪಡಿಸುವುದು ಕಷ್ಟ. ಉದ್ದದ ತಂತಿಯಲ್ಲಿ ಎಲೆಕ್ಟ್ರಾನ್ ಒಂದು ಕೊಳವೆಯಿಂದ ಇನ್ನೊಂದಕ್ಕೆ ಜಿಗಿಯಬೇಕು. ಪ್ರತಿ ಜಿಗಿತದಲ್ಲೂ ನಷ್ಟ. ಯೋಜನೆ ಆರಂಭವಾದ ವರ್ಷವೇ, ಅಕ್ಟೋಬರ್‌ನಲ್ಲಿ ಸ್ಮಾಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆದರೂ ರೈಸ್‌ನಲ್ಲಿ ಕೆಲಸ ನಿಲ್ಲಲಿಲ್ಲ. 2013ರಲ್ಲಿ ಅಲ್ಲಿನ ತಂಡ ನ್ಯಾನೊ ಕೊಳವೆಗಳನ್ನು ನೂಲಿನಂತೆ ಎಳೆದು, ಅಂಥ ಎರಡೇ ಎಳೆಗಳಲ್ಲಿ ದೀಪ ತೂಗುಹಾಕಿ, ಅವುಗಳಲ್ಲೇ ವಿದ್ಯುತ್ ಹರಿಸಿ ಬೆಳಗಿಸಿತು.

‘ಅಷ್ಟು ವರ್ಷ ಯಾಕೆ’ ಎಂಬುದಕ್ಕೆ ಇದೇ ಉತ್ತರ. ಒಬ್ಬರು ಆರಂಭಿಸಿದ್ದನ್ನು ಅವರ ಶಿಷ್ಯರು, ಆ ಶಿಷ್ಯರ ಶಿಷ್ಯರು ಮುಂದುವರಿಸುವ ಕೆಲಸವಿದು. ಪ್ರಯೋಗ ಕೈಕೊಟ್ಟ ವಾರ ಮಕ್ಕಳು ಫೋನಿನಲ್ಲಿ ಸಪ್ಪಗಿದ್ದರೆ ಗಾಬರಿ ಬೇಡ. ಈ ಕ್ಷೇತ್ರದಲ್ಲಿ ಅದು ಮಾಮೂಲು. ಕಲಿತದ್ದಕ್ಕೆ ಊರಿನಲ್ಲಿ ಬೆಲೆಯಿಲ್ಲವೆಂಬ ಚಿಂತೆಯೂ ಬೇಡ. 2023ರಲ್ಲಿ ಕೇಂದ್ರ ಸರ್ಕಾರ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬಂದಿರುವುದು ಬೆಂಗಳೂರಿನ ಐಐಎಸ್‌ಸಿಗೆ. ಇಲ್ಲಿ ಕಲಿತ ಮಕ್ಕಳು ಊರಿಗೆ ಮರಳಲು ಬಯಸಿದರೆ, ಅವರ ಕೈಗೆ ಕೆಲಸ ಕೊಡುವ ಪ್ರಯೋಗಾಲಯಗಳು ಅಲ್ಲೇ ಬೆಳೆಯುತ್ತಿವೆ.