ತಂತಿ ಚುಚ್ಚಿದ ರಾತ್ರಿ, ರಿಟೇನರ್ ಕಳೆದ ಬೆಳಗ್ಗೆ

ರಾತ್ರಿ ಹತ್ತು ಗಂಟೆಯ ಮೇಲೆ ನನ್ನ ವಾಟ್ಸಾಪ್‌ಗೆ ಬರುವ ಫೋಟೋಗಳನ್ನು ಬೇರೆಯವರು ನೋಡಿದರೆ ಗಾಬರಿಯಾಗ್ತಾರೆ. ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು, ಫ್ಲ್ಯಾಶ್ ಹಾಕಿ ತೆಗೆದ ಸೆಲ್ಫಿಗಳು. ಕೆಳಗೆ ಒಂದೇ ಸಾಲು: "ಡಾಕ್ಟ್ರೇ, ತಂತಿ ಚುಚ್ತಾ ಇದೆ, ಏನ್ ಮಾಡ್ಲಿ?" ವಕ್ರದಂತ ಚಿಕಿತ್ಸೆ ನನ್ನ ಕೆಲಸ. ಮೊದಲೆಲ್ಲ ಇಂಥ ಪ್ರಶ್ನೆ ಕೇಳುತ್ತಿದ್ದವರು ಹೈಸ್ಕೂಲ್ ಮಕ್ಕಳ ಅಮ್ಮಂದಿರು. ಈಗ ಸ್ವಂತ ಸಂಬಳದಲ್ಲಿ ಕ್ಲಿಪ್ ಹಾಕಿಸಿಕೊಂಡ ಇಪ್ಪತ್ತೈದು, ಮೂವತ್ತರ ಆಸುಪಾಸಿನವರೇ ಜಾಸ್ತಿ. ಮರುದಿನ ಬೆಳಗ್ಗೆ ಮೀಟಿಂಗ್ ಇರುತ್ತೆ, ಶನಿವಾರದ ತನಕ ಕ್ಲಿನಿಕ್‌ಗೆ ಬರೋಕೆ ಆಗಲ್ಲ. ಅಂಥವರಿಗೆ ಫೋನಿನಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿರೋದನ್ನೇ ಇಲ್ಲಿ ಬರೆದಿದ್ದೇನೆ.

ತಂತಿ ಚುಚ್ಚೋದು ಬಹಳ ಸಲ ಕೆಟ್ಟ ಸುದ್ದಿಯೇ ಅಲ್ಲ. ಶುರುವಿನ ತಿಂಗಳುಗಳಲ್ಲಿ ಹಾಕುವ ನಿಕಲ್-ಟೈಟೇನಿಯಂ ತಂತಿ ವಕ್ರ ಹಲ್ಲುಗಳ ಮೇಲೆ ಅಂಕುಡೊಂಕಾಗಿ ಕೂತಿರುತ್ತೆ. ಹಲ್ಲುಗಳು ಸಾಲಿಗೆ ಬರ್ತಾ ಬರ್ತಾ ಆ ದಾರಿ ನೇರವಾಗಿ, ಮಿಕ್ಕ ತಂತಿ ಹಿಂದಿನ ದವಡೆಹಲ್ಲಿನ ಆಚೆ ಇಣುಕುತ್ತೆ. ಕೆನ್ನೆಗೆ ತಾಗೋದು ಅದೇ. ಅಂದರೆ ಚಿಕಿತ್ಸೆ ಮುಂದೆ ಸಾಗಿದೆ ಅಂತ ಅರ್ಥ. ಹಾಗಂತ ಸಮಾಧಾನ ಹೇಳಿದರೆ ನಿದ್ದೆ ಬರುತ್ತಾ? ಕ್ಲಿಪ್ ಹಾಕಿದ ದಿನ ಒಂದು ಪುಟ್ಟ ಡಬ್ಬಿಯಲ್ಲಿ ಮೇಣ ಕೊಟ್ಟಿರ್ತಾರಲ್ಲ, ಅದನ್ನು ಹುಡುಕಿ. ಆಫೀಸ್ ಬ್ಯಾಗಿನಲ್ಲಿ ಇರಬೇಕಾದ ಡಬ್ಬಿ ಸಾಮಾನ್ಯವಾಗಿ ಊರಿನ ಮನೆಯ ಬೀರುವಿನಲ್ಲಿರುತ್ತೆ. ಮೇಣ ಒದ್ದೆ ಲೋಹಕ್ಕೆ ಅಂಟಲ್ಲ. ಹಾಗಾಗಿ ಆ ಜಾಗವನ್ನು ಟಿಶ್ಯೂನಿಂದ ಒರೆಸಿ ಒಣಗಿಸಿ, ಬಟಾಣಿ ಕಾಳಿನಷ್ಟು ಮೇಣವನ್ನು ಬೆರಳಲ್ಲಿ ಉಂಡೆ ಮಾಡಿ ಒತ್ತಬೇಕು. ಸ್ವಲ್ಪ ನುಂಗಿದರೂ ತೊಂದರೆ ಇಲ್ಲ. ಮುಂಭಾಗದಲ್ಲಿ ಬ್ರಾಕೆಟ್‌ಗೆ ಕಟ್ಟಿದ ತೆಳು ತಂತಿಯ ತುದಿ ಎದ್ದಿದ್ದರೆ, ಪೆನ್ಸಿಲಿನ ಹಿಂದಿನ ರಬ್ಬರನ್ನು ತೊಳೆದು ಅದರಿಂದ ಮೆಲ್ಲಗೆ ಒಳಕ್ಕೆ ಮಡಚಬಹುದು. ನೇಲ್ ಕಟರ್ ವಿಚಾರ ಎಲ್ಲರೂ ಕೇಳ್ತಾರೆ. ಮೇಣವೂ ನಿಲ್ಲದೆ, ಡಾಕ್ಟರೂ ಸಿಗದೆ, ಪರವೂರಲ್ಲಿ ಸಿಕ್ಕಿಕೊಂಡಿದ್ದಾಗ ಮಾತ್ರ ಅದು. ಆಗಲೂ ಸ್ಪಿರಿಟ್‌ನಲ್ಲಿ ಒರೆಸಿ, ತುಂಡು ಗಂಟಲಿಗೆ ಜಾರದಂತೆ ಹಿಂದೆ ಟಿಶ್ಯೂ ಹಿಡಿದು, ನಿಮ್ಮ ಜತೆ ಇರುವವರ ಕೈಯಲ್ಲಿ ಮಾಡಿಸಿ.

ಬ್ರಾಕೆಟ್ ಕಿತ್ತುಬಂದರೆ ಅದು ತಂತಿಗೆ ನೇತಾಡಿಕೊಂಡೇ ಇರುತ್ತೆ. ನೋವಿಲ್ಲದಿದ್ದರೆ ಅದೇನೂ ರಾತ್ರೋರಾತ್ರಿಯ ಅವಸರ ಅಲ್ಲ. ಮೇಣ ಇಟ್ಟು ಅಲುಗಾಡದಂತೆ ಮಾಡಿ, ಫೋಟೋ ಕಳಿಸಿ, ಒಂದೆರಡು ದಿನದಲ್ಲಿ ಹೋಗಿ ಅಂಟಿಸಿಕೊಳ್ಳಿ. ಪೂರ್ತಿ ಕೈಗೆ ಬಂದಿದ್ದರೆ ಎತ್ತಿಟ್ಟುಕೊಳ್ಳಿ. ಮನೆಯಲ್ಲಿರುವ ಫೆವಿಕ್ವಿಕ್ ಕಡೆ ಮಾತ್ರ ಕೈ ಹೋಗಬಾರದು. ಅದು ಬಾಯಿಗೆ ಮಾಡಿದ ಅಂಟಲ್ಲ, ಒಸಡನ್ನೂ ಸುಡುತ್ತೆ. ಆದರೆ ಹದಿನೈದು ದಿನ ಸುಮ್ಮನಿದ್ದರೆ ಆ ಒಂದು ಹಲ್ಲು ಹಿಂದೆ ಜಾರುತ್ತೆ, ನಿಮ್ಮ ಲೆಕ್ಕಕ್ಕೆ ಇನ್ನೊಂದು ತಿಂಗಳು ಸೇರುತ್ತೆ. ಬ್ರಾಕೆಟ್ ನುಂಗಿಬಿಟ್ಟೆ ಅಂತ ಅಳುತ್ತಾ ಫೋನ್ ಮಾಡುವವರೂ ಇದ್ದಾರೆ. ಹೊಟ್ಟೆಗೆ ಹೋಗಿದ್ದರೆ ಸಾಮಾನ್ಯವಾಗಿ ತಾನಾಗೇ ಹೊರಗೆ ಹೋಗುತ್ತೆ. ಕೆಮ್ಮು ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ನನಗೆ ಫೋನ್ ಮಾಡ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಮುಖ ಊದಿಕೊಂಡು ಜ್ವರ ಬಂದರೂ ಅಷ್ಟೇ.

ತಂತಿ ಬದಲಾಯಿಸಿದ ಮರುದಿನದ ನೋವು ಎಲ್ಲರಿಗೂ ಗೊತ್ತು. ಮೊದಲ 24 ಗಂಟೆಯಲ್ಲಿ ಜೋರಾಗಿ, ಮೂರ್ನಾಲ್ಕು ದಿನದಲ್ಲಿ ಇಳಿಯುತ್ತೆ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ, ತೀರಾ ಆಗದಿದ್ದರೆ ಒಂದು ಪ್ಯಾರಾಸಿಟಮಾಲ್. ಅಪಾಯಿಂಟ್‌ಮೆಂಟನ್ನು ಶುಕ್ರವಾರ ಸಂಜೆಗೆ ತೆಗೆದುಕೊಳ್ಳುವವರು ಜಾಣರು, ಶನಿವಾರ ಭಾನುವಾರ ನೋವಿಗೆ ಕೊಟ್ಟು ಸೋಮವಾರಕ್ಕೆ ತಯಾರಾಗಿರ್ತಾರೆ.

ಮುದ್ದೆಗೆ ಜೈ, ನಿಪ್ಪಟ್ಟಿಗೆ ರಜೆ

ಪಾಶ್ಚಾತ್ಯರ ಪಟ್ಟಿ ನೋಡಿದರೆ ಪಾಪ್‌ಕಾರ್ನ್, ಕ್ಯಾರಮೆಲ್ ತಿನ್ನಬೇಡಿ ಅಂತಿರುತ್ತೆ. ನಮ್ಮವರ ಬ್ರಾಕೆಟ್ ಕೀಳೋದು ಬೇರೆಯೇ ಸಾಮಾನು. ಕೋಡುಬಳೆ, ನಿಪ್ಪಟ್ಟು, ಕಡಲೆಬೀಜದ ಚಿಕ್ಕಿ, ಕಡಕ್ ಜೋಳದ ರೊಟ್ಟಿ, ಕಬ್ಬು, ಕಚ್ಚಿ ತಿನ್ನುವ ಸೀಬೆಹಣ್ಣು. ಸಂಕ್ರಾಂತಿ ಮುಗಿದ ವಾರ ನನ್ನ ಕ್ಲಿನಿಕ್ ತುಂಬಿರುತ್ತೆ: ಎಳ್ಳು-ಬೆಲ್ಲದ ಒಣಕೊಬ್ಬರಿ, ಸಕ್ಕರೆ ಅಚ್ಚು. ಎಲ್ಲವನ್ನೂ ಬಿಡಿ ಅಂತ ನಾನು ಹೇಳಲ್ಲ, ಹೇಳಿದರೆ ಯಾರೂ ಕೇಳೋದೂ ಇಲ್ಲ. ರೊಟ್ಟಿಯನ್ನು ಸಾರಲ್ಲಿ ನೆನೆಸಿ, ಹಣ್ಣನ್ನು ತೆಳ್ಳಗೆ ಹೆಚ್ಚಿ, ಜೋಳದ ತೆನೆಯ ಕಾಳು ಬಿಡಿಸಿ ತಿನ್ನಬಹುದು. ಚಿಕ್ಕಿಗೆ ಮತ್ತು ಕಬ್ಬಿಗೆ ಮಾತ್ರ ಯಾವ ಉಪಾಯವೂ ಇಲ್ಲ. ನೋವಿನ ದಿನಗಳಿಗೆ ಇಡ್ಲಿ, ಪೊಂಗಲ್, ಮೊಸರನ್ನ ಇದ್ದೇ ಇದೆ. ಮುದ್ದೆ ಉಣ್ಣುವವರನ್ನು ಕಂಡರೆ ನನಗೆ ಖುಷಿ, ಅಗಿಯೋ ಪ್ರಶ್ನೆಯೇ ಇಲ್ಲವಲ್ಲ. ಇನ್ನೊಂದು ಮಾತು: ಪಾರದರ್ಶಕ ರಬ್ಬರ್ ರಿಂಗ್ ಕೇಳುವವರು ಗಮನಿಸಿ, ನಮ್ಮ ಅಡುಗೆಯ ಅರಿಶಿನ ಎರಡೇ ದಿನದಲ್ಲಿ ಅದನ್ನು ಹಳದಿ ಮಾಡುತ್ತೆ. ಬೂದು ಬಣ್ಣದ್ದು ಹಾಕಿಸಿಕೊಂಡರೆ ಚಿಂತೆ ಕಡಿಮೆ.

ಕಿತ್ತುಬಂದ ಬ್ರಾಕೆಟನ್ನು ಮತ್ತೆ ಅಂಟಿಸಬಹುದು. ಅಂಟಿಸಲಾಗದ್ದು ಇನ್ನೊಂದಿದೆ. ಎರಡು ವರ್ಷ ಕಾದು, ಕ್ಲಿಪ್ ತೆಗೆದ ದಿನ ಒಬ್ಬ ಹುಡುಗ ಕನ್ನಡಿ ನೋಡಿಕೊಂಡು ಸುಮ್ಮನಾಗಿಬಿಟ್ಟ. ಹಲ್ಲು ನೇರವಾಗಿದ್ದವು, ಆದರೆ ಪ್ರತಿ ಹಲ್ಲಿನ ಮೇಲೂ ಬ್ರಾಕೆಟ್ ಇದ್ದ ಜಾಗದ ಸುತ್ತ ಸುಣ್ಣ ಬಳಿದಂಥ ಬಿಳಿ ಚೌಕಟ್ಟು. ಪ್ರತಿ ಭೇಟಿಯಲ್ಲೂ ಒಸಡು ಊದಿದೆ, ಬ್ರಷ್ ಸಾಲದು ಅಂತ ಹೇಳುತ್ತಲೇ ಇದ್ದೆ. ಅವನು ಬ್ರಷ್ ಮಾಡ್ತಿದ್ದ, ಸುಳ್ಳು ಹೇಳಿರಲಿಲ್ಲ. ಆದರೆ ಡೆಸ್ಕಿನ ಮೇಲೆ ಸಕ್ಕರೆ ಹಾಕಿದ ಕಾಫಿ ಇಟ್ಟುಕೊಂಡು ದಿನವಿಡೀ ಗುಟುಕರಿಸುವ ಅಭ್ಯಾಸ. ಪ್ರತಿ ಗುಟುಕಿಗೂ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತೆ, ಆಮ್ಲ ಎನಾಮೆಲ್‌ನ ಕ್ಯಾಲ್ಸಿಯಂ ಕರಗಿಸುತ್ತೆ. ಬ್ರಾಕೆಟ್ ಸುತ್ತ ಕೊಳೆ ನಿಂತರೆ ನಾಲ್ಕೇ ವಾರದಲ್ಲಿ ಈ ಬಿಳಿ ಕಲೆ ಶುರುವಾಗಬಲ್ಲದು. ಸ್ವಲ್ಪ ಮಟ್ಟಿಗೆ ಮಾಸಿಸಬಹುದು, ಪೂರ್ತಿ ಮೊದಲಿನಂತೆ ಆಗೋದು ಕಷ್ಟ.

ಹಾಗಾಗಿ ನನ್ನ ಕಟ್ಟುನಿಟ್ಟು ಇರೋದು ಇಲ್ಲಿ. ಕಾಫಿ ಕುಡೀರಿ, ಆದರೆ ಒಂದೇ ಸಲಕ್ಕೆ ಕುಡಿದು ಮುಗಿಸಿ, ಆಮೇಲೆ ನೀರು ಮುಕ್ಕಳಿಸಿ. ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಬ್ರಷ್ಷನ್ನು ಬ್ರಾಕೆಟ್‌ನ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಓರೆಯಾಗಿ ಹಿಡಿದು ಉಜ್ಜಿ. ತಂತಿಯಡಿಗೆ ತೂರುವ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ರಾತ್ರಿಯ ಬ್ರಷ್ ತಪ್ಪಿಸುವವರು ಕ್ಲಿಪ್ ಹಾಕಿಸಿಕೊಳ್ಳೋದನ್ನೇ ಮುಂದೂಡಿದರೆ ಒಳ್ಳೆಯದು ಅಂತ ನಾನು ನೇರವಾಗಿ ಹೇಳಿದ್ದುಂಟು.

ರೀಲ್ಸ್ ನೋಡಿ ಮುಂಭಾಗದ ಸಂದು ಮುಚ್ಚೋಕೆ ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವವರ ಬಗ್ಗೆ ಒಂದು ಮಾತು. ಹಲ್ಲಿನ ಬೇರು ಮೊನಚು, ಹಾಗಾಗಿ ಬ್ಯಾಂಡ್ ಮೆಲ್ಲಗೆ ಒಸಡಿನೊಳಗೆ ಜಾರಿ ಕಣ್ಮರೆಯಾಗುತ್ತೆ. ಬಿದ್ದುಹೋಯಿತು ಅಂದುಕೊಳ್ತಾರೆ. ಅದು ಒಳಗೇ ಮೂಳೆಯನ್ನು ತಿನ್ನುತ್ತಾ ಬೇರಿನ ತುದಿಯ ಕಡೆ ಸಾಗುತ್ತೆ, ಗಟ್ಟಿಮುಟ್ಟಾದ ಎರಡು ಹಲ್ಲು ಉದುರುವ ತನಕ ಹೋಗಬಹುದು.

ಕ್ಲಿಪ್ ತೆಗೆದ ಮೇಲೆ

ಚಿಕಿತ್ಸೆ ಹಾಳಾಗೋದು ಹೆಚ್ಚಾಗಿ ಕ್ಲಿಪ್ ಇದ್ದಾಗ ಅಲ್ಲ, ತೆಗೆದ ಮೇಲೆ. ಇಪ್ಪತ್ತೆಂಟರ ಒಬ್ಬಾಕೆ ಬಂದಿದ್ದರು. ಹದಿನಾರನೇ ವಯಸ್ಸಿನಲ್ಲಿ ಬೇರೆ ಊರಲ್ಲಿ ಚಿಕಿತ್ಸೆ ಆಗಿತ್ತು, ಅಪ್ಪ ಕಂತಿನಲ್ಲಿ ದುಡ್ಡು ಕಟ್ಟಿದ್ದರು. ಈಗ ಕೆಳಗಿನ ಮುಂದಿನ ಹಲ್ಲುಗಳು ಮತ್ತೆ ಒಂದರ ಮೇಲೊಂದು. "ಆ ಡಾಕ್ಟರ್ ಸರಿಯಾಗಿ ಮಾಡ್ಲಿಲ್ಲ ಅಂತ ಅಮ್ಮ ಇವತ್ತಿಗೂ ಬೈತಾರೆ" ಅಂದರು. ರಿಟೇನರ್ ಎಷ್ಟು ದಿನ ಹಾಕಿದ್ರಿ ಅಂತ ಕೇಳಿದೆ. ಪಿಯುಸಿಗೆ ಹಾಸ್ಟೆಲ್‌ಗೆ ಹೋಗುವ ತನಕ, ಅಂದರು.

ಹಲ್ಲು ಮೂಳೆಯಲ್ಲಿ ಸಿಮೆಂಟ್ ಹಾಕಿ ಕೂರಿಸಿದ ಕಂಬ ಅಲ್ಲ, ನಾರುಗಳ ಜೋಕಾಲಿಯಲ್ಲಿ ಕೂತಿರುತ್ತೆ. ಹಲ್ಲನ್ನು ಸರಿಸಿದಾಗ ಈ ನಾರುಗಳು ಎಳೆದ ಎಲಾಸ್ಟಿಕ್‌ನಂತೆ ಬಿಗಿಯಾಗಿರುತ್ತವೆ. ಬೇರಿನ ಸುತ್ತಲಿನವು ಕೆಲವು ತಿಂಗಳಲ್ಲಿ ಹೊಸ ಜಾಗಕ್ಕೆ ಹೊಂದಿಕೊಂಡರೂ ಒಸಡಿನಂಚಿನ ನಾರುಗಳಿಗೆ ಸುಮಾರು ಒಂದು ವರ್ಷ ಬೇಕು. ಅದು ಮುಗಿದ ಮೇಲೂ ವಯಸ್ಸಾಗುತ್ತಾ ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗುವುದು ಸಹಜ, ಕ್ಲಿಪ್ಪೇ ಹಾಕದವರಿಗೂ ಆಗುತ್ತೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕೀಳಿಸಿ ಚಿಕಿತ್ಸೆ ಪಡೆದಿದ್ದವರನ್ನು ರಿಟೇನರ್ ನಿಲ್ಲಿಸಿ 10, 20 ವರ್ಷಗಳಾದ ಮೇಲೆ ಮತ್ತೆ ಪರೀಕ್ಷಿಸಿದ್ದರು. ಬಹುಪಾಲು ಜನರ ಕೆಳಸಾಲು ಮತ್ತೆ ಸೊಟ್ಟಗಾಗಿತ್ತು. "ಬುದ್ಧಿಹಲ್ಲು ತಳ್ಳಿದ್ದರಿಂದ ಹೀಗಾಯ್ತು" ಅಂತ ಮನೆಮನೆಯಲ್ಲೂ ಹೇಳ್ತಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಹಲ್ಲು ಸೊಟ್ಟಗಾಗಬಾರದು ಅನ್ನೋ ಒಂದೇ ಕಾರಣಕ್ಕೆ ಬುದ್ಧಿಹಲ್ಲು ಕೀಳಿಸಬೇಕಿಲ್ಲ.

ಹಾಗಾದರೆ ಎಷ್ಟು ದಿನ ಹಾಕಬೇಕು? ನನ್ನ ಉತ್ತರ ಯಾರಿಗೂ ಇಷ್ಟ ಆಗಲ್ಲ. ಮೊದಲ ತಿಂಗಳುಗಳಲ್ಲಿ ನಿಮ್ಮ ಡಾಕ್ಟರ್ ಹೇಳಿದಂತೆ, ಆಮೇಲೆ ರಾತ್ರಿ ಹೊತ್ತು, ಹಲ್ಲು ನೇರವಾಗಿ ಇರಬೇಕು ಅಂತ ಆಸೆ ಇರುವ ತನಕ.

ಇನ್ನು ರಿಟೇನರ್ ಕಳೆದುಹೋಗುವ ಕಥೆ. ಬಹುತೇಕ ಒಂದೇ ಜಾಗದಲ್ಲಿ ಕಳೆಯುತ್ತೆ: ಹೋಟೆಲ್ ಟೇಬಲ್ಲಿನ ಮೇಲೆ, ಟಿಶ್ಯೂನಲ್ಲಿ ಸುತ್ತಿಟ್ಟಾಗ. ಕ್ಲೀನರ್ ಪ್ಲೇಟಿನ ಜತೆ ಎತ್ತಿಕೊಂಡು ಹೋಗ್ತಾನೆ, ಅವನದೇನು ತಪ್ಪು? ಬಾಯಿಂದ ತೆಗೆದರೆ ಡಬ್ಬಿಗೇ ಹೋಗಬೇಕು, ಮೂರನೇ ಜಾಗ ಇಲ್ಲ. ಎರಡನೇ ಶತ್ರು ಮನೆಯ ನಾಯಿ. ಎಂಜಲಿನ ವಾಸನೆಗೆ ಹುಡುಕಿ ಅಗಿದುಹಾಕುತ್ತೆ. ಮೂರನೆಯದು ಬಿಸಿ. ಪಾರದರ್ಶಕ ರಿಟೇನರನ್ನು ಬಿಸಿನೀರಲ್ಲಿ ತೊಳೆದರೆ, ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಸೊಟ್ಟಗಾಗುತ್ತೆ. ಅದನ್ನು ಹಾಕಿಕೊಂಡು ಬಿಸಿ ಕಾಫಿ ಕುಡಿದರೂ ಅದೇ ಗತಿ. ತಣ್ಣೀರು, ಮೆತ್ತನೆಯ ಬ್ರಷ್, ಒಂದು ಹನಿ ಲಿಕ್ವಿಡ್ ಸೋಪು ಸಾಕು. ಟೂತ್‌ಪೇಸ್ಟ್ ಉಜ್ಜಿದರೆ ಗೀರು ಬಿದ್ದು ಮಬ್ಬಾಗುತ್ತೆ.

ನಾಲ್ಕು ದಿನ ಬಿಟ್ಟು ಹಾಕಿದಾಗ ಬಿಗಿ ಅನ್ನಿಸಿದರೆ ಹಲ್ಲು ಆಗಲೇ ಸರಿದಿದೆ ಅಂತ ಅರ್ಥ. ಪೂರ್ತಿ ಕೂರುತ್ತಿದ್ದರೆ ಕೆಲವು ದಿನ ಹಗಲೂ ಹಾಕಿಕೊಳ್ಳಿ. ಕೂರದಿದ್ದರೆ ಕಚ್ಚಿ ಒತ್ತಬೇಡಿ, ತಕ್ಷಣ ಹೋಗಿ ತೋರಿಸಿ. ಹಲ್ಲಿನ ಒಳಬದಿಗೆ ಅಂಟಿಸುವ ತಂತಿ ಇರುವವರಿಗೆ ಈ ರಗಳೆ ಇಲ್ಲ, ಆದರೆ ಒಂದು ಹಲ್ಲಿನಿಂದ ಅಂಟು ಬಿಟ್ಟಿದ್ದರೂ ಗೊತ್ತಾಗಲ್ಲ. ವಾರಕ್ಕೊಮ್ಮೆ ನಾಲಿಗೆ ಆಡಿಸಿ ನೋಡಿ. ಎಲ್ಲ ಸರಿಯಿದ್ದೂ ಒಂದು ಹಲ್ಲು ವಾಲುತ್ತಿದೆ ಅನ್ನಿಸಿದರೆ ತಂತಿಯೇ ಬಾಗಿ ಅದನ್ನು ತಳ್ಳುತ್ತಿರಬಹುದು, ತಡ ಮಾಡಬೇಡಿ.

ಕೆಲಸ ಬದಲಾಯಿಸಿ ಪುಣೆಗೋ ಹೈದರಾಬಾದಿಗೋ ಹೊರಟವರು ಮಧ್ಯದಲ್ಲಿ ಡಾಕ್ಟರನ್ನು ಬದಲಿಸಬೇಕಾದರೆ ಎಕ್ಸ್‌ರೇ, ಶುರುವಿನ ಫೋಟೋಗಳು, ಈಗ ಯಾವ ತಂತಿ ಇದೆ, ಎಷ್ಟು ದುಡ್ಡು ಕಟ್ಟಿದ್ದೀರಿ, ಇದೆಲ್ಲ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಆನ್‌ಲೈನ್‌ನಲ್ಲಿ ತರಿಸುವ ಅಲೈನರ್ ಅಗ್ಗ ಅನ್ನುವವರಿಗೆ ನೆನಪಿರಲಿ, ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ ಅರ್ಧ ಚಿಕಿತ್ಸೆಯಲ್ಲಿದ್ದವರಿಗೆ ಹೋಗಿ ಕೇಳೋಕೆ ಒಂದು ಕ್ಲಿನಿಕ್ಕೇ ಇರಲಿಲ್ಲ.

ಕ್ಲಿಪ್ ತೆಗೆಯುವ ದಿನ ಡಿಜಿಟಲ್ ಸ್ಕ್ಯಾನ್ ಮಾಡಿದ್ದರೆ ಆ ಫೈಲನ್ನು ಮೇಲ್‌ಗೆ ಕಳಿಸಿ ಅಂತ ಕೇಳಿ. ಮುಂದೆ ಯಾವ ಊರಲ್ಲಿ ರಿಟೇನರ್ ಕಳೆದರೂ, ಹಲ್ಲು ಸರಿಯುವ ಮೊದಲು ಅಲ್ಲಿಯ ಲ್ಯಾಬಿನಲ್ಲಿ ಇನ್ನೊಂದು ಮಾಡಿಸಿಕೊಳ್ಳಬಹುದು.