ಕಾಲುವೆಯೂ ಹಳೆಯ ದೋಣಿಯೂ

ಇಂಗ್ಲೆಂಡಿನ ಒಳನಾಡಿನ ಕಾಲುವೆಗಳು ಬಹಳ ಇಕ್ಕಟ್ಟು. ಅವುಗಳಿಗೆಂದೇ ಕಟ್ಟಿದ ನ್ಯಾರೋಬೋಟಿನ ಅಗಲ ಸುಮಾರು 7 ಅಡಿ. ಉದ್ದವೋ, 70 ಅಡಿಯವರೆಗೂ ಉಂಟು. ದೋಣಿಗಳ ಓಡಾಟವಿರುವಷ್ಟು ಕಾಲ ನಡುದಾರಿಯ ಹೂಳು ಕದಡುತ್ತಿರುತ್ತದೆ, ಜೊಂಡು ಬೇರೂರುವುದಿಲ್ಲ. ಓಡಾಟ ನಿಂತಿತೋ, ಕಾಲುವೆ ತನ್ನನ್ನು ತಾನೇ ಮುಚ್ಚಿಕೊಳ್ಳತೊಡಗುತ್ತದೆ. ಅಂಥಲ್ಲಿ ಹಳೆಯ ದೋಣಿಯನ್ನು ಸಾಗಿಸುವವರ ಪಾಡನ್ನು ಕೇಳುಗರು ಊಹಿಸಿಕೊಳ್ಳಬಹುದು. ತಳ ಕೆಸರನ್ನು ಕಚ್ಚುತ್ತದೆ. ಪ್ರೊಪೆಲರಿಗೆ ಕಳೆಯೂ ಹಳೆಯ ತಂತಿಯೂ ಸುತ್ತಿಕೊಳ್ಳುತ್ತವೆ. ಎಂಜಿನ್ನು ನಿಲ್ಲಿಸಿ ಕೈಯಿಂದ ಬಿಡಿಸಬೇಕು.

ಇವಾದರೂ ತಾಳ್ಮೆಗೆ ಮಣಿಯುವ ಅಡ್ಡಿಗಳು. ಸ್ಟ್ರಾಟ್‌ಫರ್ಡ್ ಕಾಲುವೆಯಲ್ಲಿದ್ದುದು ಬೇರೆ ಬಗೆಯದು. ಅದರ ಒಡೆತನ, ಸರಕು ಸಾಗಣೆಯಲ್ಲಿ ಅದರ ಪ್ರತಿಸ್ಪರ್ಧಿಯೇ ಆದ ಗ್ರೇಟ್ ವೆಸ್ಟರ್ನ್ ರೈಲ್ವೆಯ ಕೈಯಲ್ಲಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಬರ್ಮಿಂಗ್‌ಹ್ಯಾಮ್ ಬಳಿಯ ಲಿಫರ್ಡ್‌ನಲ್ಲಿ ಕೆಟ್ಟುಹೋಗಿದ್ದ ತೂಗುಬಾಗಿಲಿನಂಥ ಸೇತುವೆಯನ್ನು ಮತ್ತೆ ಮೇಲೇಳದಂತೆ ಕೂರಿಸಿಬಿಟ್ಟಿದ್ದರು. ಕಾನೂನಿನಲ್ಲಿ ಮಾತ್ರ ಸಂಚಾರದ ಹಕ್ಕು ಉಳಿದಿತ್ತು. ಲಾರ್ಡ್ಸ್ ಸಭೆಯಲ್ಲಿ ಪ್ರಶ್ನೆ ಎದ್ದಾಗ, ಮುಂಚಿತವಾಗಿ ತಿಳಿಸಿದರೆ ಸೇತುವೆಯನ್ನು ಎತ್ತಿಕೊಡಲಾಗುವುದೆಂಬ ಉತ್ತರ ಬಂತು.

ಲೇಖಕ ಎಲ್. ಟಿ. ಸಿ. ರೋಲ್ಟ್ ಆ ಮಾತನ್ನೇ ಹಿಡಿದುಕೊಂಡರು. ತಮಗೆ ಮನೆಯೂ ಆಗಿದ್ದ ‘ಕ್ರೆಸಿ’ ಎಂಬ ಹಳೆಯ ಮರದ ದೋಣಿಯಲ್ಲಿ ಬರುವುದಾಗಿ ತಿಳಿಸಿ, 1947ರ ಮೇ ತಿಂಗಳಲ್ಲಿ ಹೊರಟೇಬಿಟ್ಟರು. ರೈಲ್ವೆಯ ಆಳುಗಳು ಜಾಕ್‌ಗಳನ್ನಿಟ್ಟು ಸೇತುವೆಯನ್ನು ಎತ್ತಬೇಕಾಯಿತು. ಕ್ರೆಸಿ ಅದರಡಿ ನುಸುಳಿತು. ಆಚೆಗೆ ಹೂಳೂ ಜೊಂಡೂ ಕಾದೇ ಇದ್ದವು.