ಕೈಯಾಗ ಕಸುಬು ಐತಿ, ಕಾಗದ ಎಲ್ಲೈತಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ಯಾವ ಊರಿನ ಮೊದಲ ಬಸ್ಸು ಹತ್ತಿದರೂ ಕಿಟಕಿಯಾಚೆ ಒಂದೇ ನೋಟ. ಇನ್ನೂ ಬೆಳಕು ಹರಿದಿರುವುದಿಲ್ಲ, ಹುಡುಗರು ರಸ್ತೆಗುಂಟ ಓಡುತ್ತಿರುತ್ತಾರೆ. ಮಿಲಿಟರಿ ಭರ್ತಿಯ ತಯಾರಿ! ಹೊತ್ತು ಏರಿದ ಮೇಲೆ ಇವರಲ್ಲೇ ಒಬ್ಬ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುತ್ತಾನೆ, ಒಬ್ಬ ವೆಲ್ಡಿಂಗ್ ಮಾಡುತ್ತಾನೆ, ಇನ್ನೊಬ್ಬ ಟ್ರ್ಯಾಕ್ಟರ್ ಹೊಡೆಯುತ್ತಾನೆ.

ಹಂಗಾರ ಈ ಕಸುಬಿಗೆ ಮಿಲಿಟರಿಯಾಗ ಬೆಲೆ ಐತೇನ್ರಿ? ಐತಿ. ಆದರೆ ಕೈ ನೋಡಿ ಅಲ್ಲ, ಕಾಗದ ನೋಡಿ.

2022ರ ಜೂನ್ 14ರಂದು ಸಾರಿದ ಅಗ್ನಿಪಥ ಯೋಜನೆಯಲ್ಲಿ ಭರ್ತಿಯಾದವನಿಗೆ 4 ವರ್ಷದ ನೌಕರಿ. ಭೂಸೇನೆಯ ಭರ್ತಿ ಪ್ರಕಟಣೆಗಳನ್ನು ಓದಿ ನೋಡಿ. ಲಘು ವಾಹನದ ಲೈಸೆನ್ಸ್ ಇದ್ದವರಿಗೆ ಡ್ರೈವರ್ ಕೆಲಸದಲ್ಲಿ ಆದ್ಯತೆ. ಟೆಕ್ನಿಕಲ್ ವಿಭಾಗದಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ 2023ರಿಂದ ಹೆಚ್ಚುವರಿ ಅಂಕ. ಅಡುಗೆ, ಹೊಲಿಗೆ, ಕ್ಷೌರದಂಥ ಕೆಲಸಗಳಿಗೆ ಟ್ರೇಡ್ಸ್‌ಮನ್ ಎಂಬ ಬೇರೆ ಬಾಗಿಲೇ ಉಂಟು.

ಇಲ್ಲೇ ನಮ್ಮ ಹುಡುಗ ಎಡವುತ್ತಾನೆ. ಹತ್ತು ವರ್ಷ ಗ್ಯಾರೇಜಿನಲ್ಲಿ ಎಣ್ಣೆ ಕುಡಿದ ಕೈಗೆ ಒಂದು ಅಂಕವೂ ಇಲ್ಲ. ಎರಡು ವರ್ಷದ ಐಟಿಐ ಕಾಗದಕ್ಕೆ ಉಂಟು. ಟ್ರ್ಯಾಕ್ಟರ್ ಹೊಡೆಯುವುದರಲ್ಲಿ ಪಂಟನೇ, ಲೈಸೆನ್ಸ್ ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ.

ಕಾಗದ ಇದ್ದರೂ ಬೇಕಾದ ಕೆಲಸವೇ ಸಿಗುತ್ತದೆಂಬ ಖಾತ್ರಿ ಇಲ್ಲ. ಸೇನೆಗೆ ಏನು ಬೇಕೋ ಅದೇ ಮೊದಲು. ಮೆಕ್ಯಾನಿಕ್ ಕೈಗೆ ಸ್ಪ್ಯಾನರ್ ಬದಲು ಬಂದೂಕು ಬಂದೀತು. ಆದರೂ ಕಸುಬಿನ ಕೆಲಸಕ್ಕೆ ಹೋದವನಿಗೆ ಒಂದು ಲಾಭ ಉಂಟು. ಯೋಜನೆಯ ನಿಯಮದಂತೆ 4 ವರ್ಷದ ನಂತರ ಕಾಯಂ ಆಗುವವರು ನೂರಕ್ಕೆ 25 ಮಂದಿ ಮಾತ್ರ. ಉಳಿದವರು ಊರಿಗೆ ಮರಳಬೇಕು. ಬರೀ ಬಂದೂಕು ಹಿಡಿದು ಬಂದವನಿಗೆ ಸಿಂದಗಿಯಲ್ಲಿ ಏನು ಕೆಲಸ? ದೊಡ್ಡ ಲಾರಿ ರಿಪೇರಿ ಕಲಿತು ಬಂದವನು ಸ್ವಂತ ಗ್ಯಾರೇಜು ಹಾಕಿಯಾನು.

ಅಂಗಡಿ ಮಾಲೀಕರೇ, ಗ್ಯಾರೇಜ್ ಸಾಹುಕಾರರೇ, ಒಂದು ಮಾತು. ನಿಮ್ಮಲ್ಲಿ ದುಡಿಯುವ ಹುಡುಗನನ್ನು ಐಟಿಐಗೆ ಹಚ್ಚಿರಿ, 18 ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸಿಕೊಡಿರಿ. ಭರ್ತಿ ಆಗದಿದ್ದರೂ ಆ ಕಾಗದ ಅವನ ಹೊಟ್ಟೆಗೆ ದಾರಿ.

ಸರ್ಕಾರಕ್ಕೂ ಒಂದು ಮಾತು: ಎದೆ ಅಳೆಯುತ್ತೀರಿ, ಓಟ ಅಳೆಯುತ್ತೀರಿ. ಗ್ಯಾರೇಜಿನಲ್ಲಿ ಪಳಗಿದ ಕೈಯನ್ನೂ ಒಮ್ಮೆ ಅಳೆದು ನೋಡಿರಲ್ಲ! ಕಾಯಕ ದೊಡ್ಡದೆಂದ ಬಸವಣ್ಣನ ಬಾಗೇವಾಡಿ ಇರುವ ಜಿಲ್ಲೆ ಇದು. ಇಷ್ಟು ಕೇಳಲು ನಮಗೆ ಹಕ್ಕುಂಟು.